ಕೀಬೋರ್ಡ್ ಹೊತ್ತು ಬರುವ ರಾಣಿ

ಅಂತರಸಂತೆಯ ರಾಣಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಬಿಟ್ಟುಕೊಟ್ಟಾಳು, ಮೊಬೈಲನ್ನು ಮನೆಯಲ್ಲೇ ಮರೆತು ಬಂದಾಳು, ಆದರೆ ಹಳೆಯ ಟವೆಲ್ಲಿನಲ್ಲಿ ಸುತ್ತಿ ಬಗಲಿಗಿಟ್ಟುಕೊಂಡ ಕೀಬೋರ್ಡನ್ನು ಮಾತ್ರ ಯಾರ ಕೈಗೂ ಕೊಡುವವಳಲ್ಲ. "ಮಗೀನ ಎತ್ಕೊಂಡಂಗೆ ಎತ್ಕೊಂಡು ಓಯ್ತಾಳೆ ನೋಡಿ ಮೇಷ್ಟ್ರೇ," ಎಂದು ಅವಳ ಅತ್ತೆ ಮಲ್ಲಾಜಮ್ಮ ನನ್ನೆದುರೇ ಛೇಡಿಸಿದ್ದುಂಟು. ಬಸ್ಸು ಹೊರಟೇಬಿಟ್ಟಿತೇನೋ ಎಂಬಂಥ ದಾಪುಗಾಲು. ಯಾವ ಕಷ್ಟ ಹೇಳಿದರೂ "ಆಯ್ತದೆ ಬುಡಿ" ಎಂಬ ಒಂದೇ ಉತ್ತರ.

ಆ ಕೀಬೋರ್ಡಿನ ಗುಟ್ಟಿರುವುದು ಅವಳ ಎಡಗೈಯಲ್ಲಿ. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಕಿರುಬೆರಳೂ ಉಂಗುರಬೆರಳೂ ಹೋಗಿವೆ. ಪ್ರೋಗ್ರಾಮ್ ಬರೆಯುವವರಿಗೆ ಕಿರುಬೆರಳು ಸಾಮಾನ್ಯದ್ದಲ್ಲ; ಮೂಲೆಯ ಕಂಟ್ರೋಲ್ ಕೀಲಿಯನ್ನು ಅದು ಒತ್ತಿ ಹಿಡಿದರೇನೇ ಮಿಕ್ಕ ಬೆರಳುಗಳು ಉಳಿಸುವ, ಹುಡುಕುವ, ಅಳಿಸುವ ಆಜ್ಞೆ ಕೊಡಬಲ್ಲವು. ರಾಣಿ ಆ ಅಧಿಕಾರವನ್ನು ಉದ್ದನೆಯ ಸ್ಪೇಸ್ ಪಟ್ಟಿಗೆ ವರ್ಗಾಯಿಸಿದಳು: ತಟ್ಟಿ ಬಿಟ್ಟರೆ ಖಾಲಿ ಜಾಗ, ಒತ್ತಿ ಹಿಡಿದರೆ ಕಂಟ್ರೋಲ್. ಭಾರವೆಲ್ಲ ಹೆಬ್ಬೆರಳಿನ ಮೇಲೆ. ಈ ಏರ್ಪಾಡು ಆ ಕೀಬೋರ್ಡಿನೊಳಗೇ ಅಡಗಿರುವುದರಿಂದ ಹೋದಲ್ಲೆಲ್ಲ ಅದನ್ನು ಹೊತ್ತೊಯ್ಯುತ್ತಾಳೆ.

ಹ್ಯಾಂಡ್‌ಪೋಸ್ಟ್ ಎಂಬ ಊರಿನ ನಮ್ಮ ರೈತರ ಸಂಘಕ್ಕೆ, ಆನೆ ಕಾಡಂಚು ದಾಟಿದೊಡನೆ ಊರವರ ಫೋನಿಗೆ ಎಚ್ಚರಿಕೆ ಕಳಿಸುವ ಪ್ರೋಗ್ರಾಮ್ ಬೇಕಿತ್ತು. ಅದನ್ನು ರಾಣಿಗೆ ವಹಿಸುವುದೋ ಮೈಸೂರಿನ ಕಂಪನಿಗೋ ಎಂದು ತೀರ್ಮಾನಿಸಲು ಸಂಘದ ಕಂಪ್ಯೂಟರಿನಲ್ಲೇ ಪರೀಕ್ಷೆ ಏರ್ಪಾಡಾಯಿತು. ಹೊರಗಿನ ಯಾವ ಸಾಮಾನನ್ನೂ ಜೋಡಿಸಬಾರದೆಂಬ ನಿಯಮ ಅವಳಿಗೆ ತಿಳಿದದ್ದು ಅಲ್ಲಿ ಕುಳಿತ ಮೇಲೆ. ಅಭ್ಯಾಸಬಲದಿಂದ ಸ್ಪೇಸ್ ಒತ್ತಿ ಹಿಡಿದಳು. ಬರೀ ಖಾಲಿ ಜಾಗ ತುಂಬಿಕೊಳ್ಳುತ್ತ, ಉಳಿಸಬೇಕಿದ್ದ ಸಾಲು ಪರದೆಯ ಬಲಕ್ಕೆ ಓಡತೊಡಗಿತು. ಯಾರೋ ಕಿಸಕ್ಕೆಂದರು. ಹಿಂದಿನ ಬೆಂಚಿನಲ್ಲಿದ್ದ ನಾನು ಕತ್ತು ಚಾಚಿ ನೋಡಿದೆ.

ಕಾರ್ಯದರ್ಶಿ ನಂಜುಂಡೇಶ್ ಒಳ್ಳೆಯ ಮನುಷ್ಯ. "ನೀವು ಬಾಯಲ್ಲಿ ಹೇಳ್ರಮ್ಮ, ನಮ್ಮ ಚೇತನ್‌ಕುಮಾರ್ ಒತ್ತುತಾನೆ," ಅಂದರು. ಒಪ್ಪಿಕೊಳ್ಳಬಾರದೇ ತಾಯಿ ಎಂದು ಮನಸ್ಸಿನಲ್ಲೇ ಬೇಡಿಕೊಂಡವರಲ್ಲಿ ನಾನೂ ಒಬ್ಬ.

"ಬ್ಯಾಡಿ ಸಾ. ನಾನು ಯೋಚ್ನೆ ಮಾಡಾದೇ ಬೆರಳಲ್ಲಿ. ಅರ್ಧ ಗಂಟೆ ಕೊಡಿ, ಸಾಕು."

ಆ ಅರ್ಧ ಗಂಟೆಯಲ್ಲಿ ಅವಳು ಪರೀಕ್ಷೆಯ ಒಂದಕ್ಷರವನ್ನೂ ಬರೆಯಲಿಲ್ಲ. ಬರೆಯುವ ಎಡಿಟರಿನ ಕೀಲಿಪಟ್ಟಿ ತೆರೆದು, ಮೌಸಿನಿಂದ ಒಂದೊಂದನ್ನೇ ಹುಡುಕಿ, ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಬೇಕಿದ್ದ ಆಜ್ಞೆಗಳೆಲ್ಲ ಒಂದರ ಹಿಂದೊಂದು ಒತ್ತಿದರೆ ನಡೆಯುವಂತೆ ತಿದ್ದಿದಳು. ಆಮೇಲೆ ಬರೆಯಲು ತೊಡಗಿದಳು, ತಪ್ಪುತ್ತ, ತಿದ್ದಿಕೊಳ್ಳುತ್ತ, ತಲೆಯೆತ್ತದೆ. ಊಟದ ಹೊತ್ತು ಮೀರಿದರೂ ಯಾರೂ ಏಳಲಿಲ್ಲ. ಕೊನೆಗೆ ಅವಳು ಪರೀಕ್ಷೆಗೆಂದು ಕಳಿಸಿದ ಎಚ್ಚರಿಕೆಗೆ ಮುಂದಿನ ಸಾಲಿನ ಮುದುಕ ನಂಜಣ್ಣನ ಜೇಬಿನಲ್ಲಿ ಫೋನು ಕೂಗಿಕೊಂಡಿತು.

"ಆನೆ ಬಂತು ಕಣ್ರಪ್ಪೋ!" ಎಂದು ಅವನು ಎದ್ದೇ ನಿಂತ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು.

ರಾಣಿ ಮಾತ್ರ ಯಂತ್ರವನ್ನು ಮೊದಲಿದ್ದಂತೆ ಬಿಟ್ಟು ಹೋಗಲು ತನ್ನ ತಿದ್ದುಪಡಿಗಳನ್ನು ಅಳಿಸಹೊರಟಳು.

"ಇರ್ಲಿ ಬುಡ್ರಮ್ಮ," ಅಂದರು ನಂಜುಂಡೇಶ್. "ಸೋಮವಾರದಿಂದ ಅದ್ರ ಮುಂದೆ ಕೂರೋರು ನೀವೇ."

ಇಂಥವರನ್ನು ಹಟಮಾರಿಗಳೆಂದು ಕರೆದು ನಾವು ಸುಮ್ಮನಾಗುತ್ತೇವೆ. ಅವರ ಕೆಲಸವನ್ನು ನಾವೇ ಮಾಡಿಕೊಟ್ಟು ಪುಣ್ಯ ಕಟ್ಟಿಕೊಳ್ಳಲು ತುದಿಗಾಲಲ್ಲಿ ನಿಂತಿರುತ್ತೇವೆ. ಅವರಾಗಿಯೇ ಮಾಡಿಕೊಳ್ಳಲಿ ಎಂದು ಸ್ವಲ್ಪ ಹೊತ್ತು ಕಾಯುವುದಕ್ಕೆ ಮಾತ್ರ ನಮಗೆ ಪುರುಸೊತ್ತಿರುವುದಿಲ್ಲ.