ಲೆಕ್ಕಕ್ಕಿಲ್ಲದ ಕೆಂಪು

ಎದುರಿಗೆ ನಿಂತು ನಾಲ್ಕು ಮಾತಾಡು ಎಂದರೆ ಗುಬ್ಬಿಯ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಗುಬ್ಬಿ ಎಂದು ಅಡ್ಡಹೆಸರಿಟ್ಟವನು ಅವಳಣ್ಣ. ಅವನು ಕಾರ್ಖಾನೆಯ ಕೆಳಅಂತಸ್ತಿನಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ; ಅವಳು ಮಹಡಿಯಲ್ಲಿ, ಆ ಪ್ರೆಸ್ಸನ್ನು ನಡೆಸುವ ಪ್ರೋಗ್ರಾಂ ಬರೆಯುವ ಕೋಣೆಯಲ್ಲಿ.

ಪ್ರೋಗ್ರಾಂ ನಿಂತಿದ್ದು ಹೊರಗಿನವರ ಒಂದು ಸಾಫ್ಟ್‌ವೇರಿನ ಮೇಲೆ. ಅದರ ಮುಂದಿನ ಆವೃತ್ತಿ ಇನ್ನೂ ತಯಾರಾಗುತ್ತಿರುವಾಗಲೇ ತಂದು, ತಮ್ಮ ಪರೀಕ್ಷೆಗಳೆಲ್ಲ ದಿನವೂ ಅದರ ಮೇಲೆ ತಾವಾಗಿಯೇ ಓಡುವಂತೆ ಗುಬ್ಬಿ ಏರ್ಪಾಡು ಮಾಡಿದ್ದಳು. ಒಂದು ಪರೀಕ್ಷೆ ಫೇಲಾಗಿ ಕೆಂಪು ತೋರಿಸಿತು. ಪ್ರೆಸ್ಸಿನೊಳಗೆ ಕೈ ಇದೆಯೇ ಎಂದು ಕಾಯುವ ಸೆನ್ಸರ್ ಉತ್ತರಿಸಲು ಕ್ಷಣ ತಡವರಿಸಿದರೆ ಹಳೆಯ ಆವೃತ್ತಿ ‘ನಿಲ್ಲು’ ಎಂದುಕೊಳ್ಳುತ್ತಿತ್ತು. ಹೊಸದು ‘ಕೈ ಇಲ್ಲ, ಇಳಿ’ ಎಂದುಕೊಂಡಿತು.

ಮ್ಯಾನೇಜರ್ ನಕ್ಕ. “ಅದಿನ್ನೂ ಬಿಡುಗಡೆನೇ ಆಗಿಲ್ವಲ್ಲಮ್ಮ! ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿತಾ ಕೂತಿದೀಯ.”

ಅವಳ ಕೀಬೋರ್ಡ್ ಎಳೆದುಕೊಂಡು ತಾನೇ ಒಂದು ಸಾಲು ಸೇರಿಸಿದ: ಈ ಪರೀಕ್ಷೆ ಫೇಲಾದರೂ ಲೆಕ್ಕಕ್ಕಿಲ್ಲ. ಕೆಂಪು ಒಳಗೇ ಉಳಿಯಿತು, ಒಟ್ಟು ಫಲಿತಾಂಶ ಹಸಿರಾಯಿತು. ಗುಬ್ಬಿ ಕೀಬೋರ್ಡನ್ನು ಮತ್ತೆ ತನ್ನತ್ತ ಸರಿಸಿಕೊಂಡಳು.

ಕೂಸು ಹುಟ್ಟಿತು. ಹಸಿರು ನೋಡಿದ ಮ್ಯಾನೇಜರ್, ಬಿಡುಗಡೆಯಾದ ಬೆಳಿಗ್ಗೆಯೇ ಹೊಸದನ್ನು ಪ್ರೆಸ್ಸಿಗೆ ಹಾಕಿಸಿದ. ಗುಬ್ಬಿ ಬಂದು ಪರದೆಯಲ್ಲಿ ಹೊಸದು ಓಡುತ್ತಿರುವುದನ್ನು ನೋಡಿದವಳು, ಎದ್ದುಬಿದ್ದು ಕೆಳಗೋಡಿದಳು. ಒಂದು ಚಪ್ಪಲಿ ಮೆಟ್ಟಿಲಲ್ಲೇ ಉಳಿಯಿತು.

ಅಣ್ಣ ಸಿಕ್ಕಿಕೊಂಡ ತಗಡು ಬಿಡಿಸಲು ಅಚ್ಚಿನೊಳಗೆ ಕೈ ಇಟ್ಟಿದ್ದ. ಸೆನ್ಸರಿನ ದೀಪ ತಡವರಿಸುತ್ತ ಮಿಣುಕುತ್ತಿತ್ತು.

“ಅಣ್ಣಾ, ಕೈ ತೆಗಿ!”

ಆ ಗದ್ದಲಕ್ಕೆ ಅವಳ ದನಿ ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ನಿಲ್ಲಿಸುವ ಗುಂಡಿ ಯಂತ್ರದ ಆಚೆ ಬದಿಗಿತ್ತು. ಕಾಲಿಗೆ ತಾಕಿದ ಕಬ್ಬಿಣದ ಸಲಾಕೆ ಎತ್ತಿ, ಅಣ್ಣನ ಮೊಣಕೈಗೆ ಬೀಸಿಬಿಟ್ಟಳು.

ಎಲುಬು ಲಟಕ್ಕೆಂದಿತು. ಕೈ ಹೊರಬಂತು, ಕೈಗವಸು ತಗಡಿಗೆ ಸಿಕ್ಕು ಒಳಗುಳಿಯಿತು.

“ಹುಚ್ಚು ಹಿಡೀತೇನೇ ನಿಂಗೆ!” ಅಣ್ಣ ಇನ್ನೊಂದು ಕೈಯಿಂದ ಅವಳ ಬಾಯಿಗೆ ಗುದ್ದಿದ. ತುಟಿ ಒಡೆದು ರಕ್ತ ಚಿಮ್ಮಿತು. ಅಷ್ಟರಲ್ಲಿ ಧಡ್ ಎಂದು ಪ್ರೆಸ್ ಇಳಿಯಿತು. ಮೇಲೆದ್ದಾಗ ಕೈಗವಸು ಕಾಗದದಂತೆ ಚಪ್ಪಟೆಯಾಗಿ ತಗಡಿಗೆ ಮೆತ್ತಿಕೊಂಡಿತ್ತು. ಅಣ್ಣ ಅದನ್ನೇ ನೋಡಿದ.

ಮ್ಯಾನೇಜರ್ ಓಡಿಬಂದು ಅವಳ ಜಡೆ ಹಿಡಿದೆಳೆದ. “ಪೊಲೀಸಿಗೆ ಹೇಳ್ರೋ! ಒಡಹುಟ್ಟಿದವನ ಕೈನೇ ಮುರಿದಿದಾಳೆ!”

ಗುಬ್ಬಿ ರಕ್ತ ಉಗುಳಿದಳು. “ಪರೀಕ್ಷೆ ಕೆಂಪಾದ್ರೂ ಲೆಕ್ಕಕ್ಕಿಲ್ಲ ಅಂತ ನೀವೇ ಸಾಲು ಹಾಕಿದ್ರಲ್ಲ ಸಾರ್, ಆ ಕೆಂಪು ಇದೇ.”

ಅಣ್ಣನಿಗೆ ಅರ್ಥವಾಗಲು ಅಷ್ಟು ಸಾಕಾಯಿತು. ಸರಿಯಿದ್ದ ಕೈಯಿಂದ ಮ್ಯಾನೇಜರನ ಕತ್ತುಪಟ್ಟಿ ಹಿಡಿದು ತಲೆಯನ್ನು ಕಂಬಕ್ಕೆ ಅಪ್ಪಳಿಸಿದ, ಮತ್ತೆ ಅಪ್ಪಳಿಸಿದ. ಅವನ ಅಂಗೈಯನ್ನು ಅಚ್ಚಿನೊಳಗೆ ಒತ್ತಿ ಹಿಡಿದ. “ಈಗ ನೀನಿಡು! ಲೆಕ್ಕಕ್ಕಿಲ್ವಲ್ಲ!”

ಸೆನ್ಸರ್ ಮತ್ತೆ ಮಿಣುಕಿತು. ಮ್ಯಾನೇಜರ್ ಚೀರಿದ.

ಗುಬ್ಬಿ ಆಚೆ ಬದಿಗೋಡಿ ಗುಂಡಿಗೆ ಗುದ್ದಿದಳು. ಪ್ರೆಸ್ ಆ ಬೆರಳುಗಳಿಗೆ ತಾಗುವ ಮುನ್ನ ಗಕ್ಕನೆ ನಿಂತಿತು. ಯಂತ್ರದ ಗದ್ದಲ ಅಡಗಿತು. ಕೂಗಬೇಕಾಗಿರಲಿಲ್ಲ ಈಗ.

“ಬಿಡಣ್ಣ,” ಎಂದಳು. “ಆ ಕೈ ನಂಗೆ ಬೇಕು. ಸಾಲು ಹಾಕಿದ ಕೈನೇ ಅದನ್ನ ಅಳಿಸ್ಬೇಕು.”