ಘಡಿ ಮುರಿದ ಸೀರೆಗಳು

"ಮುಟ್ಟಿ ನೋಡ್ರೆವ್ವಾ, ಸೀರಿ ಏನು ಕಚ್ಚಂಗಿಲ್ಲ," ಎಂದು ಜವಳಿ ಅಂಗಡಿಯ ಲಾಡ್ಲೆಸಾಬ ಗಂಟು ಬಿಚ್ಚಿ ಜಮಖಾನೆಯ ಮೇಲೆ ಹರವಿದ.

ಮಟಕಿ ಎಂಬ ಊರಿನಿಂದ ಬಂಡಿ ತುಂಬಿಕೊಂಡು ಆಳಂದದ ಬಜಾರಿಗೆ ಬಂದಿದ್ದ ಹೆಂಗಸರು ಕತ್ತು ಚಾಚಿದರು. ಕೈ ಮಾತ್ರ ಯಾರೂ ಚಾಚಲಿಲ್ಲ. ಕಪ್ಪು ಒಡಲಿನ ಚಂದ್ರಕಾಳಿ ಇತ್ತು, ದಾಳಿಂಬೆ ಬಣ್ಣದ್ದಿತ್ತು, ನವಿಲುಗರಿಯ ನೀಲಿ ಇತ್ತು. ಎಲ್ಲಕ್ಕೂ ಮೇಲೆ ಎಳೆ ಜೋಳದ ಗರಿಯಂಥ ಹಸಿರು ಪತ್ತಲ, ಅದಕ್ಕೆ ಅಂಗೈ ಅಗಲದ ರೇಶ್ಮೆ ದಡಿ, ಕೆಂಪು ಸೆರಗು. ಸೀರೆಗೊಂದರಂತೆ ಮಿರಿಮಿರಿ ಮಿಂಚುವ ಕುಪ್ಪಸದ ಖಣ ಬೇರೆ. ಧಾರಣೆ ಅರ್ಧಕ್ಕರ್ಧ. ಇಂಥ ಸೀರೆ ಇಷ್ಟು ಸೋವಿಯಾಗಿ ನಿಜಾಮನ ಸೀಮೆಯಲ್ಲಿರಲಿ, ಮಗ್ಗವಿರುವ ಸೊಲ್ಲಾಪುರದಲ್ಲೂ ಸಿಕ್ಕುವುದಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೆ ಪ್ರತಿ ಸೀರೆಯ ಮೂಲೆಯಲ್ಲಿ ಒಂದೊಂದು ಬೊಟ್ಟು ಅರಿಷಿಣ ಹತ್ತಿತ್ತು. ತಕರಾರು ಇದ್ದದ್ದು ಅಲ್ಲಿಯೇ.

ಅಫಜಲಪುರದ ಕಡೆಯ ಗೌಡರೊಬ್ಬರು ಮಗಳ ಮದುವೆಗೆಂದು ಒಯ್ದಿದ್ದ ಜವಳಿ ಅದು. ದೇವರ ಮುಂದಿಟ್ಟು, ಮೂಲೆಗೆ ಅರಿಷಿಣ ಹಚ್ಚಿ, ಹಂದರವನ್ನೂ ಹಾಕಿಸಿದ್ದರು. ವರನ ಸೋದರಮಾವನಿಗೆ ಜರಿಯ ರುಮಾಲು ಸುತ್ತುವ ಬದಲು ಸಾದಾ ರುಮಾಲು ಸುತ್ತಿದ್ದೇ ನೆವವಾಗಿ ಮಾತಿಗೆ ಮಾತು ಬೆಳೆದು, ಬೀಗರ ಬಂಡಿಗಳು ಹಂದರದ ಬಾಗಿಲಿನಿಂದಲೇ ಹೊರಳಿ ಹೋದವು. ರುಮಾಲು ಗಂಡಸರ ತಲೆಯದು, ಅದರ ಜಗಳ ಮಾತ್ರ ಹುಡುಗಿಯ ಕೊರಳಿಗೆ ಸುತ್ತಿಕೊಂಡಿತು. ಗೌಡರು ಜವಳಿಯನ್ನು ತಿರುಗಿ ಕಳಿಸಿದರು. ಹಳೆಯ ಗಿರಾಕಿ, ಒಲ್ಲೆ ಎನ್ನಲು ಲಾಡ್ಲೆಸಾಬನಿಗೆ ಬಾಯಿ ಬರಲಿಲ್ಲ. ಸೊಲ್ಲಾಪುರಕ್ಕೆ ವಾಪಸು ಮಾಡೋಣವೆಂದರೆ ಅರಿಷಿಣ ಹತ್ತಿದ ಮಾಲನ್ನು ಅಲ್ಲಿಯವರು ಮುಟ್ಟುವುದಿಲ್ಲ, ಗಡಿಯಲ್ಲಿರುವ ಹಿರೋಳ್ಳಿಯ ನಾಕಾದಲ್ಲಿ ಸುಂಕದವರು ಬಿಡುವುದೂ ಇಲ್ಲ.

ಹೊಸ ಸೀರೆಯ ಮಡಿಕೆ ಬಿಚ್ಚಿ ಮೊದಲ ಸಲ ಮೈಗೆ ಸುತ್ತುವುದಕ್ಕೆ ಆ ಕಡೆ ಘಡಿ ಮುರಿಯುವುದು ಎನ್ನುತ್ತಾರೆ. ಮುರಿದ ಮದುವೆಯ ಸೀರೆಯಾದರೆ ಘಡಿ ಮುರಿದವಳ ಮೈಗೆ ಅದರ ಕೇಡು ಹತ್ತುತ್ತದೆ, ಆಮೇಲೆ ಉಟ್ಟವರಿಗೆ ಏನೂ ಇಲ್ಲ ಎಂಬುದು ಹಿಂದಿನಿಂದ ಬಂದ ಮಾತು. ಹಾಗಾಗಿ ಸೀರೆ ಎಲ್ಲರಿಗೂ ಬೇಕು, ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಮಾಣಿಕಮ್ಮ ಅಂಗಡಿಯ ಕಂಬಕ್ಕೆ ಒರಗಿ ಕುಳಿತಿದ್ದಳು. ಗಂಡ ಅಣ್ಣಾರಾಯ ತೀರಿಕೊಂಡಾಗಿನಿಂದ ಅವಳು ಉಡುವುದು ದಡಿಯಿಲ್ಲದ ಬಿಳಿಯ ಸೀರೆ. ಆದರೂ ಊರಿನ ಹೆಂಗಸರು ಬಟ್ಟೆ ಕೊಳ್ಳಲು ಹೊರಟರೆ ಅವಳನ್ನು ಬಂಡಿ ಹತ್ತಿಸದೆ ಬಿಡುತ್ತಿರಲಿಲ್ಲ. ಯಾವ ಮೈಗೆ ಯಾವ ಬಣ್ಣ ಒಪ್ಪೀತು ಎಂದು ಅವಳು ಹೇಳಿದರೆ ಮುಗಿಯಿತು. ಲಾಡ್ಲೆಸಾಬನನ್ನು ನಗಿಸಿ ನಗಿಸಿ ಧಾರಣೆ ಇಳಿಸುವ ವಿದ್ಯೆಯೂ ಅವಳಿಗಿತ್ತು. ಹೀಗೆ ಸೀರೆ ಆರಿಸಲು ಮುಂದೆ, ಉಡಿ ತುಂಬುವ ದಿನ ಅಡಿಗೆಮನೆಯ ಕತ್ತಲೆಗೆ. ಅವಳು ಇದನ್ನು ಆಡಿ ತೋರಿಸುತ್ತಿರಲಿಲ್ಲ, ಆದರೆ ನೋಯುತ್ತಿತ್ತು.

ಇವತ್ತು ಅವಳು ಮಂದಿಯ ಕೆಲಸಕ್ಕಷ್ಟೇ ಬಂದಿರಲಿಲ್ಲ. ಪಕ್ಕದಲ್ಲಿ ಕುಳಿತ ಸೊಸೆ ಭಾಗಮ್ಮನಿಗೆ ಐದು ತಿಂಗಳು. ಏಳಕ್ಕೆ ಕುಬಸ ಮಾಡಬೇಕು, ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಉಡಿ ತುಂಬಬೇಕು. ಆ ಸೀರೆ ತವರಿನಿಂದ ಬರಬೇಕಾದದ್ದು. ಭಾಗಮ್ಮನಿಗೆ ತಾಯಿಯಿಲ್ಲ, ತಂದೆಯಿಲ್ಲ. ಸಾಕಿದ ಜೇವರ್ಗಿಯ ಮಾವ ಮದುವೆ ಮಾಡಿ ಕೈತೊಳೆದುಕೊಂಡವನು ಮತ್ತೆ ಇತ್ತ ಮುಖ ಹಾಕಿರಲಿಲ್ಲ. "ನಿನ್ನ ತವರೂ ನಾನೇ ಬಿಡು, ಊರು ನೋಡೂವಂಥಾ ಸೀರಿ ತರ್ತೇನಿ," ಎಂದು ಮಾಣಿಕಮ್ಮ ಮಾತು ಕೊಟ್ಟಿದ್ದಳು. ಆ ಹಸಿರು ಪತ್ತಲ ಕಂಡ ಗಳಿಗೆಯಲ್ಲೇ ಅವಳ ಜೀವ ಅದಕ್ಕೆ ಅಂಟಿಕೊಂಡಿತ್ತು. ಪೂರ್ತಿ ಧಾರಣೆಗೆ ಅಂಥದ್ದು ಅವಳ ಕೈಗೆ ಎಂದೂ ಎಟುಕದು.

ಆದರೆ ಸೊಸೆಯ ಹೋದ ವರ್ಷದ ಮೊದಲ ಬಸಿರು ಮೂರು ತಿಂಗಳಿಗೇ ಇಳಿದು ಹೋಗಿತ್ತು. ಅಂದು ಮುಂಜಾನೆ ಭಾಗಮ್ಮನ ತಲೆ ಬಾಚಿ ಹೆರಳು ಹಾಕಿದವಳು ಮಾಣಿಕಮ್ಮ. ರಂಡೆಯ ಕೈ ತಾಗಿತೆಂದು ಓಣಿಯಲ್ಲಿ ಮಾತು ಹುಟ್ಟಲು ಅಷ್ಟು ಸಾಕಾಯಿತು. ಅಂದಿನಿಂದ ಅವಳು ಸೊಸೆಯ ತಲೆಗೆ ಕೈ ಹಚ್ಚಿರಲಿಲ್ಲ.

ಕಾಶಿಬಾಯಿ ಮೆಲ್ಲಗೆ ಅವಳ ಹತ್ತಿರ ಸರಿದಳು. ಪಕ್ಕದ ಮನೆಯವಳು, ಬಾಯಿ ಚುರುಕು.

"ಮಾಣಿಕಕ್ಕಾ, ಒಂದು ಮಾತು ಅಂತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ."

"ಸಿಟ್ಟ ಬರೂವಂಥಾ ಮಾತಿದ್ರ ಬಂದೇ ಬರ್ತದ. ಅನ್ನು ಬೇ."

"ಈ ಸೀರಿ ಘಡಿ ನೀವು ಮುರದು ಕೊಟ್ರ... ಅಂದ್ರ, ನಿಮಗ ಇನ್ನ ಆಗೂದಾದ್ರೂ ಏನದರಿ?"

ಲಾಡ್ಲೆಸಾಬ ಗಜದ ಕೋಲನ್ನು ಹೊಸದಾಗಿ ಕಂಡವನ ಹಾಗೆ ತಿರುಗಿಸಿ ತಿರುಗಿಸಿ ನೋಡಿದ. ಮಾಣಿಕಮ್ಮ ಕಂಬ ಬಿಟ್ಟು ನೆಟ್ಟಗೆ ಕುಳಿತಳು. ಇಷ್ಟು ವರ್ಷ ಇವರ ಮನೆಯ ಹೊಸ ಬಟ್ಟೆಗೆ ತನ್ನ ನೆರಳು ಬೀಳಬಾರದಿತ್ತು, ಇವತ್ತು ಮೈಯೇ ಬೇಕಾಯಿತು! ಎದ್ದು ಬಂಡಿಗೆ ಹೋಗಿ ಕೂರಬೇಕೆನಿಸಿತು. ಅಷ್ಟರಲ್ಲಿ ಕಣ್ಣು ಮತ್ತೆ ಜಮಖಾನೆಯ ಮೇಲೆ ಬಿತ್ತು. ಚಂದ್ರಕಾಳಿಯ ಕಪ್ಪು, ಆ ಕಪ್ಪಿನ ಅಂಚಿಗೆ ಕೆಂಡದಂಥ ಕೆಂಪು. ಅವಳು ನಕ್ಕುಬಿಟ್ಟಳು.

"ಖರೆ ಅದ. ಮುಣಗಿದವರಿಗಿ ಚಳಿ ಏನು, ಮಳಿ ಏನು! ಲಾಡ್ಲೆಸಾಬ, ಒಳಗ ಖುರ್ಷಿದಗ ಹೇಳು, ಖೋಲಿ ಬೇಕು ನಮಗ."

ಅಂಗಡಿಯ ಹಿಂದೆಯೇ ಲಾಡ್ಲೆಸಾಬನ ಮನೆ. ಅವನ ಹೆಂಡತಿ ಖುರ್ಷಿದ ಪರದೆ ಎಳೆದು, ಗೋಡೆಯ ಕನ್ನಡಿಯನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ನಿಂತಳು. ಮಾಣಿಕಮ್ಮ ಮೊದಲು ಎತ್ತಿದ್ದು ಚಂದ್ರಕಾಳಿಯನ್ನೇ. ಮುಂದಿನ ಸುಗ್ಗಿಗೆ ಕೊಡಿಸುತ್ತೇನೆ ಎಂದು ಅಣ್ಣಾರಾಯ ಪ್ರತಿ ಸುಗ್ಗಿಯಲ್ಲೂ ಹೇಳುತ್ತಿದ್ದ ಸೀರೆ ಅದು. ಸುಳ್ಳು ಹೇಳುವ ಗಂಡಸಲ್ಲ, ಸುಗ್ಗಿಗಳೇ ಅವನಿಗೆ ಮಾತು ತಪ್ಪಿಸಿದ್ದವು. ಅವಳು ಬಿಳಿ ಸೀರೆಯ ಮೇಲೆಯೇ ಅದನ್ನು ಸುತ್ತಿ, ನಿರಿಗೆ ಹಿಡಿದು, ಸೆರಗು ಹೊದ್ದಳು. ಬೆರಳುಗಳು ಏನನ್ನೂ ಮರೆತಿರಲಿಲ್ಲ.

"ಅಕ್ಕಾ, ನಿಮಗಂತನೇ ನೇಯ್ದಂಗದ ನೋಡ್ರಿ," ಎಂದಳು ಖುರ್ಷಿದ.

ಮಾಣಿಕಮ್ಮ ಕನ್ನಡಿಯತ್ತ ನೋಡಿದಳು. ನಾಚಿಕೆಯಾಯಿತು, ಸಂತೋಷವಾಯಿತು, ಎರಡರಲ್ಲಿ ಯಾವುದು ಹೆಚ್ಚೆಂದು ತಿಳಿಯಲಿಲ್ಲ. ಸೆರಗನ್ನು ಒಮ್ಮೆ ತಲೆಯ ಮೇಲೆ, ಒಮ್ಮೆ ಹೆಗಲ ಮೇಲೆ ಹಾಕಿ ನೋಡಿದಳು. ಘಡಿ ಮುರಿಯಲು ಅಷ್ಟೇನೂ ಹೊತ್ತು ಬೇಕಾಗುವುದಿಲ್ಲ.

"ಆತೇನ್ರಿ ಮಾಣಿಕಕ್ಕಾ?" ಎಂದು ಪರದೆಯ ಆಚೆಯಿಂದ ಕಾಶಿಬಾಯಿ ಅವಸರಿಸಿದಳು.

"ಮುರ್ಯಾಕತ್ತೇನಿ, ತಡಿ ಬೇ! ಕೇಡಂದ್ರ ಸಣ್ಣದೇನು? ಬರಾಬ್ಬರಿ ಹತ್ತಬೇಕಲ್ಲ ನನಗ."

ಖುರ್ಷಿದ ನಕ್ಕ ರಭಸಕ್ಕೆ ಕನ್ನಡಿ ಕೈಜಾರುವುದರಲ್ಲಿತ್ತು. ದಾಳಿಂಬೆ, ನೀಲಿ, ಕುಸುಬೆ ಹೂವಿನ ಬಣ್ಣ, ಒಂದಾದ ಮೇಲೊಂದು ಅವಳ ಮೈಮೇಲೆ ಏರಿ ಇಳಿದು ಪರದೆಯಾಚೆ ಹೋದವು. ಹೋದ ಹಾಗೆಲ್ಲ ಹೊರಗೆ ಗದ್ದಲ ಏರಿತು. ಚಂದ್ರಕಾಳಿಗಾಗಿ ಕಾಶಿಬಾಯಿಯೂ ಜೊತೆಗೆ ಬಂದಿದ್ದ ರೇವಮ್ಮನೂ ತಲಾ ಒಂದೊಂದು ತುದಿ ಹಿಡಿದು ನಿಂತಿದ್ದರು.

ಕೊನೆಗೆ ಉಳಿದದ್ದು ಹಸಿರು. ಮಾಣಿಕಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ನೆಲಕ್ಕೆ ಕುಳಿತುಬಿಟ್ಟಳು. ಅಷ್ಟು ಹೊತ್ತಿನ ನಗೆ ಎತ್ತ ಹೋಯಿತೋ. ಘಡಿ ಮುರಿಯದೆ ಕೊಟ್ಟರೆ ಹಾಳಾದ ಮದುವೆಯ ಕೇಡು ಬಸುರಿಯ ಮೈಗೆ ಹೋಗುತ್ತದೆ. ತಾನೇ ಮುರಿದು ಕೊಟ್ಟರೆ ರಂಡೆಯ ಮೈಯಿಂದ ಇಳಿದ ಸೀರೆ ಅವಳ ಹೊಟ್ಟೆಯ ಮೇಲೆ ಕೂರುತ್ತದೆ. ಊರವರೆಲ್ಲರಿಗೂ ಅರೆಗಳಿಗೆಯಲ್ಲಿ ಸೀರೆ ಹಗುರ ಮಾಡಿ ಕೊಟ್ಟವಳಿಗೆ ತನ್ನ ಮನೆಯದಕ್ಕೆ ಮಾತ್ರ ದಾರಿ ಕಾಣಲಿಲ್ಲ.

ಭಾಗಮ್ಮ ಪರದೆ ಸರಿಸಿ ಒಳಗೆ ಬಂದಳು. "ಅತ್ತಿ, ಇದೊಂದು ಉಳೀತಲ್ರಿ."

"ಇದು ಬ್ಯಾಡವ್ವ ನಮಗ. ಹೋದ ವರ್ಷ ನಾ ಹೆರಳ ಹಾಕಿದ್ದಕ್ಕೇ ಮಂದಿ ಏನಂದ್ರು ಕೇಳಿದ್ದಿಲ್ಲ?"

"ಮಂದಿ ಹೊರಗ ನೀವು ಉಟ್ಟು ಬಿಟ್ಟ ಸೀರಿ ಸಲುವಾಗಿ ಜಗ್ಗಾಡಾಕತ್ತಾರ್ರಿ," ಎಂದಳು ಭಾಗಮ್ಮ.

ಮಾಣಿಕಮ್ಮನಿಗೆ ಘಡಿ ಮುರಿಯಲು ಮನಸ್ಸು ಬರಲಿಲ್ಲ. ಸೀರೆಯನ್ನು ಬಿಟ್ಟು ಬರಲೂ ಆಗಲಿಲ್ಲ. ಧಾರಣೆ ಕೊಟ್ಟು, ಘಡಿ ಹಾಗೆಯೇ ಇದ್ದ ಹಸಿರು ಪತ್ತಲವನ್ನು ಮಟಕಿಗೆ ತಂದು ಸಂದೂಕಿನ ತಳಕ್ಕೆ ಇಟ್ಟಳು. ಘತ್ತರಗಿಯ ಭಾಗ್ಯವಂತಿಗೆ ಮನಸ್ಸಿನಲ್ಲೇ ಕೈಮುಗಿದು, ನೀನೇ ಒಂದು ಹಾದಿ ತೋರಿಸು ತಾಯಿ ಎಂದಳು. ದೇವಿಗೆ ಬೇರೆ ಕೆಲಸಗಳಿದ್ದಿರಬೇಕು.

ಕುಬಸದ ದಿನ ಪಡಸಾಲೆ ತುಂಬ ಹೆಂಗಸರು. ಮಾಣಿಕಮ್ಮ ಅಡಿಗೆಮನೆಯಲ್ಲಿ ಒಲೆಯ ಮುಂದೆ ಕುಳಿತು ಹೋಳಿಗೆ ಬೇಯಿಸುತ್ತಿದ್ದಳು. ಬಾಗಿಲ ಸಂದಿಯಿಂದ ಕಣ್ಣು ಹಾಯಿಸಿದಾಗ ಅವಳಿಗೆ ಕಂಡದ್ದು ದಾಳಿಂಬೆ, ನೀಲಿ, ಕುಸುಬೆ, ಚಂದ್ರಕಾಳಿ. ಚಂದ್ರಕಾಳಿ ಕೊನೆಗೂ ಕಾಶಿಬಾಯಿಯ ಪಾಲಾಗಿತ್ತು, ಅವಳ ಗಿಡ್ಡ ಮೈಗೆ ಅದು ಒಪ್ಪಿರಲಿಲ್ಲ. ಉಟ್ಟವರೆಲ್ಲ ಕುಂಕುಮ ಹಚ್ಚಿಕೊಂಡು, ಹೂ ಮುಡಿದು, ಗುಂಡುಕಲ್ಲಿನಂತೆ ಗಟ್ಟಿಯಾಗಿದ್ದರು. ಒಬ್ಬಳಿಗೂ ಏನೂ ಆಗಿರಲಿಲ್ಲ. ಸೊಸೆಗಾಗಿ ಅವಳು ಸಂದೂಕಿನ ಮೇಲೆ ತೆಗೆದಿಟ್ಟದ್ದು ಮಾತ್ರ ತನ್ನ ಮಗ ದೇವೀಂದ್ರಪ್ಪ ವಾರದ ಸಂತೆಯಿಂದ ತಂದಿದ್ದ ಒರಟು ಹಸಿರು ಸೀರೆ.

ಬಾಗಿಲು ಕಿರ್ರೆಂದಿತು. ಭಾಗಮ್ಮ ಒಳಗೆ ಬಂದು ಅಗುಳಿ ಹಾಕಿದಳು. ಎದೆಗೆ ಅವುಚಿಕೊಂಡದ್ದು ಸಂದೂಕಿನ ತಳದಲ್ಲಿದ್ದ ಪತ್ತಲ.

"ಉಡಸ್ರಿ ಅತ್ತಿ. ಮೊದಲ ನೀವು ಸುತ್ತಿ ಘಡಿ ಮುರೀರಿ, ಆಮ್ಯಾಲ ನನಗ ಉಡಸ್ರಿ."

"ನಿನಗೇನು ಹುಚ್ಚು ಹಿಡದದೇನು ಬೇ? ಇವತ್ತಿನ ದಿನ ನನ್ನ ಮೈಮ್ಯಾಲಿಂದ..."

"ನೀವು ಹಡದ ಮಗನ್ನ ಕಟಗೊಂಡೇನಿ. ನೀವು ಉಟ್ಟ ಸೀರಿ ಒಲ್ಲೆ ಅನ್ಲೇನ್ರಿ?"

ಮಾಣಿಕಮ್ಮ ಸೊಸೆಯ ಮುಖವನ್ನೇ ನೋಡಿದಳು. ಭಾಗಮ್ಮನಿಗೂ ಹೆದರಿಕೆ ಇತ್ತು. ಹೆದರಿಕೆ ಇದ್ದೂ ಬಂದು ನಿಂತಿದ್ದಳು. ಹೆಂಚಿನ ಮೇಲಿನ ಹೋಳಿಗೆ ಸೀಯುವ ವಾಸನೆ ಬಂತು, ಮಾಣಿಕಮ್ಮ ಅದನ್ನು ಇಳಿಸಿ, ಕೈ ತೊಳೆದು ಎದ್ದಳು.

ಈ ಸಲ ಕನ್ನಡಿ ಇರಲಿಲ್ಲ. ಅವಳು ಪತ್ತಲದ ಮಡಿಕೆ ಬಿಚ್ಚಿ ಮೈಗೆ ಒಂದು ಸುತ್ತು ಸುತ್ತಿ, ಸೆರಗನ್ನು ತಲೆಯ ಮೇಲೆ ಹೊದ್ದು ಕಣ್ಣು ಮುಚ್ಚಿದಳು. ಬರೂದಿದ್ರ ಇಲ್ಲೇ ಬಂದು ಹತ್ತು, ಮುಂದ ಹೋಗಬ್ಯಾಡ ಎಂದು ಕೇಡಿಗೆ ಹೇಳಿದಳು. ಆಮೇಲೆ ತನ್ನ ಮೈಯ ಬಿಸಿ ಆರುವ ಮೊದಲೇ ಸೊಸೆಗೆ ಉಡಿಸಿದಳು. ಸೀರೆ ಜಾರದ ಹಾಗೆ, ಹೊಟ್ಟೆಗೆ ಬಿಗಿಯಾಗದ ಹಾಗೆ ಮೊಣಕಾಲೂರಿ ಕುಳಿತು ನಿರಿಗೆಗಳನ್ನು ಒಂದೊಂದಾಗಿ ಕೂಡಿಸಿದಳು. ಎಲ್ಲ ಮುಗಿದ ಮೇಲೂ ಭಾಗಮ್ಮ ಹೋಗಲಿಲ್ಲ, ಬೆನ್ನು ತಿರುಗಿಸಿ ಅವಳ ಮುಂದೆಯೇ ಕುಳಿತುಕೊಂಡಳು.

"ಹೆರಳೂ ಹಾಕಿಬಿಡ್ರಿ," ಎಂದಳು.

ಪಡಸಾಲೆಯಲ್ಲಿ ಹಸೆಯ ಮೇಲೆ ಅವಳು ಹೋಗಿ ಕುಳಿತಾಗ ಹೆಂಗಸರೆಲ್ಲ ಒಮ್ಮೆಲೇ ಅತ್ತ ತಿರುಗಿದರು. ಎಳೆ ಬೆಳೆಯೇ ಎದ್ದು ಬಂದು ಕುಳಿತ ಹಾಗಿತ್ತು. ಹಾಡು ಹೇಳುವವರು ಹಾಡು ಬಿಟ್ಟು ದಡಿ ಮುಟ್ಟಿ ನೋಡಿದರು. ಕಾಶಿಬಾಯಿಗೆ ಅನುಮಾನ ತಡೆಯಲಾಗಲಿಲ್ಲ.

"ಇದು ಲಾಡ್ಲೆಸಾಬನ ಅಂಗಡೀದೇ ಅಲ್ಲೇನು? ಅಂದು ಘಡಿ ಹಂಗೇ ಇತ್ತಲ್ಲ. ಯಾರು ಮುರದ್ರು ಬೇ ಇದರ ಘಡಿ?"

ಒಳಗೆ ಮಾಣಿಕಮ್ಮನ ಕೈಯ ಲಟ್ಟಣಿಗೆ ನಿಂತಿತು.

"ನಮ್ಮ ತವರಿನಾಕಿ," ಎಂದಳು ಭಾಗಮ್ಮ.

ಯಾರೋ ಹಾಡು ಎತ್ತಿಕೊಂಡರು. ಬಳೆಗಳು ಸಪ್ಪಳ ಮಾಡಿದವು. ಮಾಣಿಕಮ್ಮ ಮುಂದಿನ ಹೋಳಿಗೆಗೆ ಹೂರಣ ತುಂಬಲು ಕೈ ಚಾಚಿದಳು. ಪತ್ತಲದ ಮೂಲೆಯ ಅರಿಷಿಣ ಹತ್ತಿ ಅವಳ ಒದ್ದೆ ಹೆಬ್ಬೆರಳು ಹಳದಿಯಾಗಿತ್ತು. ಸೆರಗಿಗೆ ಒರೆಸಿಕೊಳ್ಳಲು ಹೋದವಳು ಹಾಗೆಯೇ ಬಿಟ್ಟು, ಹೆಂಚಿನ ಮೇಲಿನ ಹೋಳಿಗೆಯನ್ನು ಹೊರಳಿಸಿದಳು.