ಹೆಸರು ಕೂಗಬಾರದ ತಿಂಗಳು

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಮಾತು ಬಲ್ಲವರು ಹುಟ್ಟಿಯೇ ಇಲ್ಲ. ನಾನು ಮತ್ತು ನನ್ನಣ್ಣ ಕುನ್‌ಹಾಯ್ ಅಣ್ಣ-ತಂಗಿ ಇಬ್ಬರೇ ಈ ದ್ವೀಪದಲ್ಲಿ ಡೈವಿಂಗ್ ಅಂಗಡಿ ಇಟ್ಟವರು. ನಮಗೆ ದೋಣಿಯಿಲ್ಲ; ಗಾಳಿಯ ಸಿಲಿಂಡರ್ ಹೊರಿಸಿ ಗಿರಾಕಿಯನ್ನು ದಡದಿಂದಲೇ ನಡೆಸಿಕೊಂಡು ನೀರಿಗಿಳಿಸುತ್ತೇವೆ. ಎಲ್ಲಿ ಇಳಿಯಬೇಕೆಂದು ಬೆಳಗಿನ ಗಂಜಿಯ ಮುಂದೆ ಕೂತು ತೀರ್ಮಾನಿಸುತ್ತೇವೆ, ಅಂದರೆ ಕಿತ್ತಾಡುತ್ತೇವೆ.

ಅದು ನಮ್ಮ ಪಂಚಾಂಗದ ಏಳನೇ ತಿಂಗಳು, ಸತ್ತವರು ಊರಿಗೆ ಬರುವ ತಿಂಗಳು. ಆ ತಿಂಗಳು ನೀರಿನ ಹತ್ತಿರ ಯಾರ ಪೂರ್ತಿ ಹೆಸರನ್ನೂ ಕೂಗಬಾರದು. ಮುಳುಗಿ ಸತ್ತವರು ಅದನ್ನು ಕೇಳಿಸಿಕೊಂಡು, ತಮ್ಮ ಜಾಗಕ್ಕೆ ಆ ಹೆಸರಿನವರನ್ನು ಎಳೆದುಕೊಳ್ಳುತ್ತಾರೆ. ಬೆನ್ನ ಹಿಂದೆ ಹೆಸರು ಕೇಳಿಸಿದರೆ ತಿರುಗಲೂಬಾರದು. ಅಮ್ಮ ಇದನ್ನು ನಮಗೆ ಬಿದಿರಿನ ಬೆತ್ತದಲ್ಲಿ ಕಲಿಸಿದ್ದಳು.

"ಇವತ್ತು ಉತ್ತರದ ದಡ," ಅಂದೆ. "ದೂರದಲ್ಲೆಲ್ಲೋ ಚಂಡಮಾರುತ ಎದ್ದಿದೆ. ದಕ್ಷಿಣ ಬೇಡ."

"ಈಗ ತಾನೇ ನೋಡ್ಕೊಂಡು ಬಂದೆ," ಅಂದ ಅಣ್ಣ. " ಸಮುದ್ರ ತೆಪ್ಪಗೆ ಮಲಗಿದೆ. ಡಾಕ್ಟ್ರಿಗೆ ದಕ್ಷಿಣದ ಗುಹೆನೇ ಬೇಕಂತೆ."

ತೈಪೆಯಿಂದ ಬಂದ ಹಲ್ಲಿನ ಡಾಕ್ಟರು, ನಮ್ಮ ಗಿರಾಕಿ, ಗಂಜಿಯಿಂದ ತಲೆ ಎತ್ತಲಿಲ್ಲ.

"ಮಲಗಿರುತ್ತೆ, ಆಮೇಲೆ ಅಲೆಗಳು ಒಂದರ ಹಿಂದೊಂದು ಎದ್ದು ಬರ್ತವೆ. ಅಪ್ಪ ಹೇಗೆ ಹೋದ ಅಂತ ಮರೆತುಬಿಟ್ಯಾ?"

ಅಣ್ಣ ಎಸೆದ ಗಂಜಿಯ ಬಟ್ಟಲು ನನ್ನ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿದು ಚೂರಾಯಿತು. ನಾನು ಕೈಗೆ ಸಿಕ್ಕಿದ, ಈಜುವಾಗ ಕಾಲಿಗೆ ಹಾಕುವ ಒದ್ದೆ ಫಿನ್ ತೆಗೆದು ಅವನ ಮುಖಕ್ಕೆ ಬಾರಿಸಿದೆ. ಅವನು ನನ್ನ ಜುಟ್ಟು ಹಿಡಿದು ಮುಖವನ್ನು ಮೇಜಿಗೆ ಕುಟ್ಟಿದ. ತುಟಿ ಸೀಳಿ ಬಾಯಿ ತುಂಬ ರಕ್ತ.

"ಇನ್ಮೇಲೆ ನನ್ನನ್ನ ಅಣ್ಣ ಅಂತ ಕರೀಬೇಡ!" ಅಂದ.

"ಹಾಳಾಗಿ ಹೋಗು!" ಅಂದೆ.

ಅವನು ಸ್ಕೂಟರಿಗೆ ಸಿಲಿಂಡರ್ ಹೇರಿಕೊಂಡು ಡಾಕ್ಟರನ್ನು ಕರೆದುಕೊಂಡು ಹೊರಟೇಬಿಟ್ಟ.

ನಾನು ರಕ್ತ ಉಗಿದು ಹಿಂದೆಯೇ ಹೋದೆ. ಸಿಟ್ಟು ಇಳಿದಿರಲಿಲ್ಲ. ಆದರೆ ಅವನೂ ಹೋದರೆ ಈ ಪ್ರಪಂಚದಲ್ಲಿ ನನಗೆ ಬಡಿದಾಡಲಿಕ್ಕೂ ಯಾರಿಲ್ಲ ಅನ್ನುವ ಹೆದರಿಕೆ ಸಿಟ್ಟಿಗಿಂತ ದೊಡ್ಡದಿತ್ತು.

ದಕ್ಷಿಣದಲ್ಲಿ ಸಮುದ್ರದೊಳಕ್ಕೆ ಚಾಚಿದ ಒಂದು ಬಂಡೆಯಿದೆ. ಅದರ ತುದಿಗೆ ಓಡಿದೆ. ಕೆಳಗೆ ಹವಳದ ಬಂಡೆಗಳ ನಡುವಿನ ಓಣಿಯಲ್ಲಿ ಅಣ್ಣ ಸೊಂಟದುದ್ದ ನೀರಿನಲ್ಲಿ ನಿಂತು, ಸಮುದ್ರಕ್ಕೂ ನನಗೂ ಬೆನ್ನು ಹಾಕಿ, ದಡದಿಂದ ಇಳಿಯುತ್ತಿದ್ದ ಡಾಕ್ಟರಿಗೆ ಕೈ ಚಾಚಿದ್ದ. ಡಾಕ್ಟರು ಕಾಲ ಬುಡವನ್ನೇ ನೋಡುತ್ತ ಹೆಜ್ಜೆ ಇಡುತ್ತಿದ್ದರು. ಅಷ್ಟರಲ್ಲಿ ದೂರದ ನೀರು ಉಬ್ಬಿ ಕಪ್ಪಾಯಿತು. ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು.

"ಅಣ್ಣಾ!" ಅಂದೆ. ತಿರುಗಲಿಲ್ಲ.

"ಅಣ್ಣಾ, ಅಲೆ!" ತಿರುಗಲಿಲ್ಲ.

ದಿಕ್ಕು ತೋಚದೆ ಪೂರ್ತಿ ಹೆಸರು ಕೂಗಿಬಿಟ್ಟೆ. "ಹುಂಗ್ ಕುನ್‌ಹಾಯ್!"

ಅವನ ಕತ್ತು ಸೆಟೆದದ್ದು ನನಗೆ ಕಂಡಿತು. ಕೇಳಿಸಿತ್ತು. ಸಮುದ್ರದ ಕಡೆಯಿಂದ ಬಂದ ಹೆಸರು! ಅಮ್ಮನ ಬೆತ್ತ ಅವನ ಕತ್ತನ್ನು ಬಿಗಿಯಾಗಿ ಹಿಡಿದುಕೊಂಡಿತು.

ಎರಡೂ ಕೈಗೆ ಒಂದೊಂದು ಹವಳದ ಕಲ್ಲು ಎತ್ತಿಕೊಂಡು, ಬಲಗೈಯದನ್ನು ಇದ್ದ ಬಲವನ್ನೆಲ್ಲ ಹಾಕಿ ಎಸೆದೆ. ಅದು ಅವನ ಕಿವಿಯ ಹಿಂದೆ ಬಡಿಯಿತು. ಅವನು "ಯಾವನಲೇ!" ಅಂತ ಬೈಯುತ್ತ ತಿರುಗಿದ, ಅಲೆ ಕಂಡ. ಒಂದೇ ನೆಗೆತಕ್ಕೆ ಡಾಕ್ಟರ ಮೇಲೆ ಬಿದ್ದು, ಅವರನ್ನು ಬಂಡೆಯ ಸಂದಿಗೆ ತುರುಕಿ, ತಾನು ಮೇಲೆ ಅವುಚಿಕೊಂಡ.

ಮೊದಲ ಅಲೆ ಓಣಿಯನ್ನೇ ನುಂಗಿತು. ಸಿಲಿಂಡರ್ ಬಂಡೆಗೆ ಢಣ್ ಎಂದು ಬಡಿದ ಸದ್ದು ಆ ಮೊರೆತದಲ್ಲೂ ಕೇಳಿಸಿತು. ಎರಡನೆಯದು, ಮೂರನೆಯದು. ನೀರು ಇಳಿದಾಗ ಡಾಕ್ಟರು ಮುರಿದ ಕೈ ಹಿಡಿದುಕೊಂಡು ಕಿರುಚುತ್ತಿದ್ದರು. ಅಣ್ಣನ ತೊಡೆಯ ಚರ್ಮ ಸುಲಿದು ನೇತಾಡುತ್ತಿತ್ತು. ನಾನು ಬಂಡೆಯಿಂದ ಇಳಿದು ಬಂದೆ. ಅವನು ಡಾಕ್ಟರನ್ನು ದಡಕ್ಕೆ ಎಳೆದುಹಾಕಿ ನನ್ನೆದುರು ನಿಂತ.

"ಕಲ್ಲು ಹೊಡ್ದಿದ್ದು ನೀನಾ?"

"ನಾನೇ."

"ಹೆಸರು ಕೂಗಿದ್ದೂ?"

"ನಾನೇ."

"ಅಯ್ಯೋ, ಈ ತಿಂಗಳಲ್ಲಿ ನೀನು ಹಾಗೆ ಕೂಗಲ್ಲ, ಮುಳುಗಿ ಸತ್ತವರೇ ಕರೀತಿದಾರೆ ಅಂದ್ಕೊಂಡೆ ಕಣೇ."

"ಮೊದಲು ಅಣ್ಣಾ ಅಂತ ಎರಡು ಸಲ ಕೂಗಿದೆ. ಅದು ಕೇಳಿಸ್ಲಿಲ್ವಾ?"

ಅವನು ತಲೆ ತಗ್ಗಿಸಿದ.

"ಕೇಳಿಸ್ತು. ನೀನೇ ಅಂತ ಗೊತ್ತಾಯ್ತು. ಸಿಟ್ಟಿಗೆ ತಿರುಗಲಿಲ್ಲ."

ಎಡಗೈಯ ಕಲ್ಲು ಇನ್ನೂ ನನ್ನ ಹತ್ತಿರವೇ ಇತ್ತು. ಅಳುತ್ತಲೇ ಅದನ್ನು ಅವನ ಎದೆಗೆ ಎಸೆದೆ. ಅವನು ತಪ್ಪಿಸಿಕೊಳ್ಳಲಿಲ್ಲ.